ಆರು ಪಂಚೆಗಳ ಸಾಕ್ಷಿ

೧೯೬೮ನೇ ಇಸವಿ ಸೆಪ್ಟೆಂಬರ್ ೧೨, ಗುರುವಾರ. ಈ ದಿನಾಂಕವನ್ನು ನಾನು ನೆನಪಿನಿಂದ ಬರೆಯುತ್ತಿಲ್ಲ. ಆ ವರ್ಷದ ನನ್ನ ಕಿಸೆ ಡೈರಿ ಮತ್ತು ಕೊಳ್ಳೇಗಾಲದ ನ್ಯಾಯಾಲಯದಲ್ಲಿ ಮುಂದೆ ಅರ್ಜಿ ಕೊಟ್ಟು ಪಡೆದ ಕಮಿಷನ್ ವರದಿಯ ದೃಢೀಕೃತ ನಕಲು, ಇವೆರಡನ್ನೂ ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ನೆನಪಿಗೇ ಬಿಟ್ಟಿದ್ದರೆ ಶುಕ್ರವಾರ ಎನ್ನುತ್ತಿದ್ದೆ. ಮನೆಯವರಿಗೆಲ್ಲ ಇಷ್ಟು ವರ್ಷ ಹಾಗೆಯೇ ಹೇಳಿಕೊಂಡು ಬಂದಿದ್ದೇನೆ. ಡೈರಿ ತೆಗೆದು ನೋಡಿದ ಮೇಲೆ ತಿಳಿದದ್ದೆಂದರೆ, ಸಂಗತಿ ಗುರುವಾರ ಮಧ್ಯಾಹ್ನ ಶುರುವಾಗಿ ಶುಕ್ರವಾರ ಬೆಳಿಗ್ಗೆ ಮುಗಿದಿತ್ತು. ಗುರುವಾರ ನಾವು ಪಟ್ಟದ್ದು ಆತಂಕ, ಶುಕ್ರವಾರ ಬಂದದ್ದು ನಗು. ಮನಸ್ಸು ನಗುವಿನ ದಿನವನ್ನೇ ಇಟ್ಟುಕೊಂಡಿತೆಂದು ತೋರುತ್ತದೆ.

ಆಗ ನನಗೆ ಇಪ್ಪತ್ತಮೂರು ವರ್ಷ. ಯಳಂದೂರಿನವನಾದ ನಾನು ಬಿ.ಎಸ್ಸಿ. ಮುಗಿಸಿ ಕೊಳ್ಳೇಗಾಲದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಊರಿನವರ ಬಾಯಲ್ಲಿ ನನಗಿದ್ದ ಹೆಸರು ‘ಸೈನ್ಸ್ ಮೇಷ್ಟ್ರು’.

ಪಟ್ಟಣದಿಂದ ಹನೂರಿನ ಕಡೆಗೆ ಹೋಗುವ ದಾರಿಯಲ್ಲಿ, ಮಧುವನಹಳ್ಳಿಯ ಪಕ್ಕದ ಎತ್ತರದ ಬಯಲೊಂದನ್ನು ಸರ್ಕಾರದ ಒಂದು ಇಲಾಖೆ ಕೆಲವು ವರ್ಷಗಳ ಹಿಂದೆ ಸಮತಟ್ಟು ಮಾಡಿಸಿ, ಸಣ್ಣ ವಿಮಾನ ಇಳಿಯುವ ಮೈದಾನ ಮಾಡಿತ್ತು. ಜನ ಅದನ್ನು ‘ಏರೋಪ್ಲೇನ್ ಮಾಳ’ ಎನ್ನುತ್ತಿದ್ದರು. ಅಲ್ಲಿ ಒಮ್ಮೆ ವಿಮಾನ ಇಳಿದದ್ದನ್ನು ನಾನೇ ಕಂಡಿದ್ದೇನೆ. ಎರಡನೆಯ ಸಲ ಬಂದದ್ದು ನಿಜಕ್ಕೂ ಇಳಿಯಿತೋ, ಎರಡು ಸುತ್ತು ಹಾಕಿ ಹಾಗೆಯೇ ಹೊರಟುಹೋಯಿತೋ ಎಂಬುದರಲ್ಲಿ ಊರಿನಲ್ಲಿ ಎರಡು ಪಂಗಡಗಳಿದ್ದವು. ಅಷ್ಟರಲ್ಲಿ ಮೈದಾನವನ್ನು ಇನ್ನೂ ದೊಡ್ಡದು ಮಾಡುವ ಯೋಜನೆ ಬಂತು. ಹುಲ್ಲು ಕೆತ್ತಿದರು, ಕುರುಚಲು ಗಿಡ ಕಡಿದರು, ಕೆಮ್ಮಣ್ಣು ಬಯಲಾಯಿತು. ಮಳೆ ಬಂದಾಗಲೆಲ್ಲ ಮಾಳದ ಕೆಳಗಿನ ಹಳ್ಳದಲ್ಲಿ ರಾಡಿ ಹರಿಯತೊಡಗಿತು.

ಆ ಹಳ್ಳದ ಕೆಳದಂಡೆಯಲ್ಲಿ, ಪಟ್ಟಣಕ್ಕೆ ಹತ್ತಿರವಾಗಿ, ರೇಷ್ಮೆ ನೂಲಿಗೆ ಬಣ್ಣ ಹಾಕುವವರ ಕಲ್ಲುಕಟ್ಟೆಯಿತ್ತು. ನೇಕಾರರ ಕೇರಿಯ ಮಗ್ಗಗಳಿಗೆ ಬೇಕಾದ ಬಣ್ಣದ ನೂಲು ಬಹುಪಾಲು ಅಲ್ಲಿಂದಲೇ ಹೋಗುತ್ತಿತ್ತು. ಅಂಟು ತೆಗೆದ ರೇಷ್ಮೆಯನ್ನು ಬಣ್ಣದ ಹಂಡೆಯಿಂದೆತ್ತಿ ಹರಿಯುವ ತಿಳಿನೀರಿನಲ್ಲಿ ಜಾಲಿಸಬೇಕು. ಆ ನೀರಿನಲ್ಲಿ ಒಂದು ಹಿಡಿ ಕೆಮ್ಮಣ್ಣಿದ್ದರೂ ಹಳದಿ ನೂಲು ಮಂಕಾಗುತ್ತದೆ, ಬಿಳಿಯದಂತೂ ಕೈಗೆ ಹತ್ತುವುದಿಲ್ಲ. ಕಟ್ಟೆಯ ಹಿರಿಯ ನಂಜಪ್ಪಣ್ಣನವರು ಆ ವರ್ಷದ ಮುಂಗಾರಿನಲ್ಲಿ ಅರಿಶಿನ ಬಣ್ಣದ ನೂಲಿನ ಲಡಿಗಳನ್ನು ಮೂರು ಸಲ ಕೆಡಿಸಿಕೊಂಡರು. ಮೂರನೆಯ ಸಲ ಕೆಟ್ಟದ್ದನ್ನು ಅವರು ಎಸೆಯಲಿಲ್ಲ, ಮಾರಲಿಲ್ಲ. ಗಂಟು ಕಟ್ಟಿಕೊಂಡು ನೇರವಾಗಿ ವಕೀಲರ ಮನೆಗೆ ಹೋದರು.

ಹೀಗೆ ದಾವಾ ಹುಟ್ಟಿತು. ಮಾಳದ ನೀರನ್ನು ಹಳ್ಳಕ್ಕೆ ಬಿಡಕೂಡದು, ತೀರ್ಪು ಬರುವವರೆಗೆ ವಿಸ್ತರಣೆಗೆ ತಡೆಯಾಜ್ಞೆ ಬೇಕು ಎಂಬುದು ಬಣ್ಣದವರ ಬೇಡಿಕೆ. ಇಲಾಖೆಯ ಪರವಾಗಿ ಪ್ರಮಾಣಪತ್ರ ಸಲ್ಲಿಸಿದವರು ಮಧುವನಹಳ್ಳಿಯ ದೊಡ್ಡ ಒಕ್ಕಲು ಗುರುಮಲ್ಲಪ್ಪನವರು. ಅವರಿಗೆ ಇದರಲ್ಲಿ ಸ್ವಂತ ಲಾಭವೇನೂ ಇರಲಿಲ್ಲ. ತಮ್ಮೂರಿಗೆ ವಿಮಾನ ಬರಬೇಕೆಂಬ ಒಂದೇ ಆಸೆ. “ಮೈಸೂರ್ನೋರು ಮೋಟಾರಲ್ಲಿ ಓಡಾಡ್ಲಿ ಕಣ್ರಿ, ನಮ್ಮೂರೋರು ಮೋಡದಲ್ಲಿ ಓಗ್ತೀವಿ” ಎಂದು ಸಂತೆಯಲ್ಲಿ ಹೇಳುತ್ತಿದ್ದರು. ಮಾಳದ ಒಂದು ತೊಟ್ಟು ನೀರೂ ಹಳ್ಳಕ್ಕೆ ಸೇರುವುದಿಲ್ಲ, ಅದೆಲ್ಲ ಮಾಳದ ಹಿಂದಿನ ಹಳೆಯ ಜಲ್ಲಿಗುಂಡಿಗೆ ಹೋಗಿ ಇಂಗುತ್ತದೆ ಎಂದು ಅವರು ಪ್ರಮಾಣ ಮಾಡಿ ಬರೆದುಕೊಟ್ಟಿದ್ದರು. ಹಳ್ಳ ಕೆಂಪಾಗುವುದು ಬಣ್ಣದವರ ಸ್ವಂತ ಹಂಡೆಗಳಿಂದ ಎಂಬುದು ಅವರ ವಾದ.

ನ್ಯಾಯಾಧೀಶರು ಸ್ಥಳ ಪರಿಶೀಲನೆಗೆ ಒಬ್ಬ ಹಿರಿಯ ವಕೀಲರನ್ನು ಕಮಿಷನರಾಗಿ ನೇಮಿಸಿದರು. ಅವರು ಸುಬ್ಬರಾಯರು. ೧೯೫೬ರವರೆಗೆ ನಮ್ಮ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿತ್ತಲ್ಲ, ಆ ಕಾಲದ ನಕ್ಷೆಗಳ ತಮಿಳು ಟಿಪ್ಪಣಿಗಳನ್ನು ಸರಾಗವಾಗಿ ಓದಬಲ್ಲವರು. ಆದರೆ ಜಲ್ಲಿಗುಂಡಿಯನ್ನು ತೋಡಿದ್ದು ನಕ್ಷೆ ಬರೆದ ಮೇಲೆ. ಆದ್ದರಿಂದ ನಕ್ಷೆ ಬಾಯಿ ಬಿಡಲಿಲ್ಲ. ರಾಯರು ಒಂದು ಉಪಾಯ ಹೂಡಿದರು. ಮಳೆ ಬರುವಾಗ ಮಾಳದ ಚರಂಡಿಗೆ ಬಣ್ಣ ಹಾಕುವುದು, ಅದು ಹಳ್ಳದಲ್ಲಿ ಕಾಣುತ್ತದೆಯೇ ಎಂದು ನೋಡುವುದು. ಕಾಣಬೇಕಾದದ್ದು ಮಧುವನಹಳ್ಳಿಯ ಮಡಿವಾಳರು ಬಟ್ಟೆ ಒಗೆಯುವ ಜಾಗದಲ್ಲಿ. ಅದು ಬಣ್ಣದವರ ಕಟ್ಟೆಗಿಂತ ಮೇಲೆ ಇದ್ದುದರಿಂದ ಕಟ್ಟೆಯ ನೀರು ಅಲ್ಲಿಗೆ ಹತ್ತಲು ಸಾಧ್ಯವಿರಲಿಲ್ಲ. ಉಭಯ ಪಕ್ಷಗಳೂ ಒಪ್ಪಿದವು. ಗುರುಮಲ್ಲಪ್ಪನವರು ಮಾತ್ರ ಒಂದು ಷರತ್ತು ಹಾಕಿದರು: ದನಕರು ನೀರು ಕುಡಿಯುತ್ತವೆ, ಹೆಂಗಸರು ಬಟ್ಟೆ ಒಗೆಯುತ್ತಾರೆ, ಯಾವುದಕ್ಕೂ ಕೆಡುಕಾಗದೆಂದು ತಿಳಿದವರು ಬರೆದುಕೊಡಬೇಕು.

ತಿಳಿದವನಾಗಿ ಸಿಕ್ಕವನು ನಾನು. ಲೆಕ್ಕ ಹಾಕಿ, ಒಂದು ಹಿತ್ತಾಳೆ ಚಮಚದಷ್ಟು ರೇಷ್ಮೆ ಬಣ್ಣ ಸಾಕು, ದನಕರುಗಳಿಗೆ ತೊಂದರೆಯಿಲ್ಲ, ಹತ್ತಿ ಬಟ್ಟೆಗೆ ಅದು ಹಿಡಿಯುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದೆ. ನನ್ನ ಜೀವನದಲ್ಲಿ ನಾನು ಸಹಿ ಮಾಡಿದ ಮೊದಲ ವೈಜ್ಞಾನಿಕ ಹೇಳಿಕೆ ಅದು. ಅದರ ನಕಲನ್ನು ತಂದೆಯವರಿಗೆ ಯಳಂದೂರಿಗೆ ಅಂಚೆಯಲ್ಲಿ ಕಳಿಸಿದ್ದೂ ಡೈರಿಯಲ್ಲಿದೆ.

ಬುಧವಾರ ಸಂಜೆ ಬಣ್ಣದ ಕಟ್ಟೆಗೆ ಹೋಗಿ ನಂಜಪ್ಪಣ್ಣನವರಿಗೆ ಚಮಚ ತೋರಿಸಿದೆ. ಅವರ ಮೊಣಕೈವರೆಗೆ ಐವತ್ತು ವರ್ಷಗಳ ಬಣ್ಣ ಇಳಿದಿತ್ತು. ಉಗುರುಗಳು ಒಂದೊಂದೂ ಒಂದೊಂದು ಸೀರೆಯ ಅಂಚಿನಂತೆ ಕಾಣುತ್ತಿದ್ದವು. ಅವರು ಚಮಚವನ್ನು ಇಸಿದುಕೊಂಡು ತಿರುಗಿಸಿ ನೋಡಿದರು.

“ಇಷ್ಟೆಯಾ ಸಾ?”

“ಇಷ್ಟೇ. ಕಣ್ಣಿಗೆ ಕಂಡರೆ ಸಾಕಲ್ಲ.”

“ಕಾಣಾದು ಬ್ಯಾರೆ, ಬಣ್ಣ ಅನ್ನಾದು ಬ್ಯಾರೆ ಸಾ. ನಮ್ಮಪ್ಪನ ಕಾಲದಿಂದ ಈ ಕಟ್ಟೇಲಿ ತೆಳ್ ಬಣ್ಣ ಅಂತ ಯಾರೂ ಮಾಡಿಲ್ಲ.”

ಒಳಗಿನಿಂದ ಅವರ ಹೆಂಡತಿ ಪುಟ್ಟತಾಯಮ್ಮ ಕೂಗಿದರು: “ಮೇಷ್ಟ್ರು ಏಳ್ದಂಗೆ ಮಾಡಿ ಅಂದ್ರ! ಕೋಲ್ಟು ಕ್ಯಾಸು ಅದು, ಧಾರೆ ಸೀರೆ ಅಲ್ಲ.”

“ಆಯ್ತು ಕಣಮ್ಮಿ, ಚಮ್ಚ ಅಂದ್ರ ಚಮ್ಚ” ಎಂದರು ನಂಜಪ್ಪಣ್ಣ. ನಂತರ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. “ಸಾ, ಈ ಕ್ಯಾಸು ಸೋತೋದ್ರೆ ಕಟ್ಟೆ ಬಿಟ್ಟು ಸತ್ಯಮಂಗಲಕ್ಕೆ ಓಗ್ಬೇಕು ನಾವು. ನಮ್ಮ ಭಾವ ಅಲ್ಲಿ ಹಂಡೆ ಮಡಗವ್ನೆ, ಕೂಲಿಗೆ ಕರೀತಾವ್ನೆ. ಅರವತ್ತು ವರ್ಸಕ್ಕೆ ಇನ್ನೊಬ್ಬನ ಹಂಡೆ ತಿರುವ್ಬೇಕು ಅಂದ್ರ...” ಚಮಚವನ್ನು ನನಗೆ ಮರಳಿಸಿದರು.

ಮರುದಿನ ಮಧ್ಯಾಹ್ನ ನಾವೆಲ್ಲ ಮಾಳದ ಮೇಲಿದ್ದೆವು. ಸುಬ್ಬರಾಯರು ಕರಿಕೋಟು ತೊಟ್ಟು ಮಡಚುವ ಕುರ್ಚಿಯಲ್ಲಿ ಕೂತಿದ್ದರು. ಗುರುಮಲ್ಲಪ್ಪನವರು ಹಾಲಿನಂತೆ ಬಿಳಿಯಾದ ಪಂಚೆಯುಟ್ಟು, ಹಣೆಯ ತುಂಬ ವಿಭೂತಿ ಇಟ್ಟು, ಮದುವೆಯ ಯಜಮಾನರಂತೆ ಓಡಾಡುತ್ತಿದ್ದರು. ಮಾದಯ್ಯ ಎಂಬ ಗುಮಾಸ್ತರೂ ಬಂದಿದ್ದರು. ಪಟ್ಟಣದ ಒಂದು ಕಚೇರಿಯ ಹಿತ್ತಲಲ್ಲಿದ್ದ ಮಳೆ ಅಳೆಯುವ ಉಪಕರಣವನ್ನು ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ದಾವೆಗೂ ಅವರಿಗೂ ಸಂಬಂಧವಿಲ್ಲ. “ದಿನಾ ಸೀಸೆಯೊಳಗಿನ ಮಳೆ ನೋಡಿ ಸಾಕಾಗೋಯ್ತು ಸಾ, ಇವತ್ತು ಸುರಿಯಾ ಮಳೆ ನೋಡಾನ ಅಂತ ಬಂದೆ” ಎಂದರು. ಮಳೆಯನ್ನು ಕಾಯುವ ಆ ಸಭೆಗೆ ಅವರು ಕೊಡೆ ತಂದಿರಲಿಲ್ಲ.

ಮೂರು ಗಂಟೆ ದಾಟುತ್ತಲೇ ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಮೋಡ ಏರಿತು. ಮೂರೂ ನಲವತ್ತಕ್ಕೆ, ಇದು ವರದಿಯಲ್ಲಿರುವ ವೇಳೆ, ಮಳೆ ದಪ್ಪ ಹನಿಗಳಲ್ಲಿ ಇಳಿಯಿತು. ಮಾದಯ್ಯ ನನ್ನ ಕೊಡೆಯೊಳಗೆ ಸೇರಿಕೊಂಡರು. ಮಾಳದ ಕೆಂಪು ನೀರು ಚರಂಡಿ ಹಿಡಿದು ಓಡತೊಡಗಿದಾಗ ರಾಯರು ಕೈ ಎತ್ತಿದರು. ನಂಜಪ್ಪಣ್ಣ ತಾಮ್ರದ ಬಿಂದಿಗೆಯೊಂದನ್ನು ಬಗ್ಗಿಸಿದರು. ಅದರಿಂದ ಬಿದ್ದದ್ದು ರಾಣಿ ಬಣ್ಣ, ಕಡು ಗುಲಾಬಿ. ಒಂದು ಚಮಚದ ಬಣ್ಣಕ್ಕೆ ಅಷ್ಟು ದೊಡ್ಡ ಬಿಂದಿಗೆ ಏಕೆ ಎಂಬ ಪ್ರಶ್ನೆ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಗುಲಾಬಿ ಗೆರೆ ಚರಂಡಿಯಲ್ಲಿ ಸರಸರನೆ ಹೋಗಿ, ಗುರುಮಲ್ಲಪ್ಪನವರು ಹೇಳಿದಂತೆಯೇ, ಜಲ್ಲಿಗುಂಡಿಗೆ ಇಳಿದು ಮಾಯವಾಯಿತು. ನಾವು ಮಳೆಯಲ್ಲಿಯೇ ಹಳ್ಳದ ದಂಡೆಗೆ ನಡೆದೆವು. ನಾಲ್ಕೂವರೆ ಆಯಿತು, ಐದಾಯಿತು. ಹಳ್ಳದಲ್ಲಿ ಹರಿಯುತ್ತಿದ್ದದ್ದು ಬರೀ ಮಣ್ಣಿನ ನೀರು. ಮಳೆಯೂ ನಿಂತಿತು.

“ಎಲ್ರೀ ನಂಜಪ್ಪ, ನಿಮ್ ರಾಣಿ?” ಗುರುಮಲ್ಲಪ್ಪನವರು ಮೀಸೆಯೊಳಗೇ ನಕ್ಕರು. “ದಾರಿ ತಪ್ಪಿದ್ಲೋ ಏನೋ. ಸತ್ಯಮಂಗಲದ ಬಸ್ ಅತ್ತಿಬುಟ್ಲಾ ಅಂತ ಕೇಳಿ.”

ಸತ್ಯಮಂಗಲದ ಮಾತು ಅವರ ಕಿವಿಗೂ ಬಿದ್ದಿತ್ತೆಂದು ಕಾಣುತ್ತದೆ. ನಂಜಪ್ಪಣ್ಣ ನೇರವಾಗಿ ನೀರಿಗೆ ಇಳಿದರು. ಮೊಣಕಾಲವರೆಗೆ ನಿಂತು, ಅಂಗೈಯಲ್ಲಿ ನೀರೆತ್ತಿ ಬೆಳಕಿಗೆ ಹಿಡಿದು ನೋಡುವುದು, ಚೆಲ್ಲುವುದು, ಮತ್ತೆ ಎತ್ತುವುದು. ಹತ್ತು ಸಲವಾದರೂ ಹಾಗೆ ಮಾಡಿದರು. ನನ್ನ ಲೆಕ್ಕವೇ ತಪ್ಪಿರಬೇಕು, ಚಮಚ ಸಾಲಲಿಲ್ಲ, ಈ ಮನುಷ್ಯನ ಕಟ್ಟೆ ನನ್ನ ಜಾಣತನದಿಂದ ಹೋಯಿತು ಎಂದು ದಂಡೆಯಲ್ಲಿ ನಿಂತೇ ಮತ್ತೆ ಲೆಕ್ಕ ಹಾಕತೊಡಗಿದೆ.

ಸುಬ್ಬರಾಯರು ತೊಡೆಯ ಮೇಲೆ ಕಾಗದವಿಟ್ಟುಕೊಂಡು ಬರೆದರು: ‘ಸಂಜೆ ಐದೂಕಾಲರವರೆಗೆ ಬಣ್ಣ ಕಾಣಲಿಲ್ಲ.’ ಪೆನ್ನು ಮುಚ್ಚುವ ಮೊದಲು ನಂಜಪ್ಪಣ್ಣನವರ ಮುಖ ನೋಡಿ ಇನ್ನೊಂದು ಸಾಲು ಸೇರಿಸಿದರು: ‘ಬೆಳಿಗ್ಗೆ ಮತ್ತೊಮ್ಮೆ ನೋಡಲಾಗುವುದು.’ ಆ ಎರಡನೆಯ ಸಾಲಿನ ಶಾಯಿ ಟೈಪು ಮಾಡಿದ ನನ್ನ ನಕಲಿನಲ್ಲಿ ಕಾಣುವುದಿಲ್ಲವಾದರೂ ಅದು ಬರೆಯಲ್ಪಟ್ಟ ಕ್ಷಣ ನನಗೆ ಇಂದಿಗೂ ಕಾಣುತ್ತದೆ.

ಮರುದಿನ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ನಾವು ಒಗೆಯುವ ಜಾಗದ ಬಳಿ ಸೇರಿದೆವು. ಮಾದಯ್ಯನವರೂ ಬಂದಿದ್ದರು, ಕೊನೆಯನ್ನು ನೋಡದೆ ಬಿಡಲು ಅವರಿಗೆ ಮನಸ್ಸಿರಲಿಲ್ಲ. ಹಳ್ಳ ತಿಳಿಯಾಗಿತ್ತು. ಗುಲಾಬಿಯ ಸುಳಿವಿಲ್ಲ. ರಾಯರು ಕಾಗದ ತೆಗೆದು ಪೆನ್ನಿನ ಟೋಪಿ ಬಿಚ್ಚಿದರು.

ಆಗ ಮಧುವನಹಳ್ಳಿಯ ಕಡೆಯ ಏರಿಯ ಮೇಲೆ ಗದ್ದಲ ಕೇಳಿಸಿತು. ಮುಂದೆ ಗುರುಮಲ್ಲಪ್ಪನವರು, ಹಿಂದೆ ಒದ್ದೆ ಬಟ್ಟೆಯ ಕುಕ್ಕೆ ಹೊತ್ತ ಮಡಿವಾಳರ ಮುದುಕಿ. ಗುರುಮಲ್ಲಪ್ಪನವರು ಉಟ್ಟಿದ್ದದ್ದು ನಿನ್ನೆಯದೇ ಪಂಚೆ, ಮಂಡಿಯವರೆಗೆ ಕೆಸರು. ಹತ್ತಿರ ಬಂದವರೇ ಕುಕ್ಕೆಗೆ ಕೈಹಾಕಿ ಒಂದೊಂದನ್ನೇ ಎಳೆದು ಬಂಡೆಯ ಮೇಲೆ ಎಸೆದರು. ಒಂದು, ಎರಡು, ಮೂರು. ಒಟ್ಟು ಆರು ಪಂಚೆಗಳು. ಆರೂ ಗುಲಾಬಿ.

“ಯಾವನ್ಲಾ ಅವ್ನು ನನ್ ಪಂಚೆಗೆ ಬಣ್ಣ ಆಕ್ದೋನು? ಉಡಕ್ಕೆ ಒಂದಿಲ್ಲದಂಗೆ ಮಾಡವ್ರೆ! ಆರಕ್ಕೆ ಆರೂ!”

ಮುದುಕಿ ಕುಕ್ಕೆ ಇಳಿಸಿ ಸೊಂಟದ ಮೇಲೆ ಕೈಯಿಟ್ಟಳು. “ನನ್ ಮ್ಯಾಲೆ ಕೂಗ್ಬ್ಯಾಡಿ ಬುದ್ಧಿ. ದಿನಾ ನೆನೆ ಆಕಂಗೆ ಸಂಜೆಗೆ ಮಡುವಿನಲ್ಲಿ ಮ್ಯಾಲೆ ಕಲ್ಲು ಮಡಗಿ ಬುಟ್ಟಿದ್ದೆ. ಬೆಳಗಾಗ ಎತ್ತಿದ್ರ ಇಂಗಾಗಿತ್ತು. ಗಂಗಮ್ಮನ್ನ ಕೇಳಿ.”

ಸುಬ್ಬರಾಯರು ಕುರ್ಚಿಯಿಂದ ಏಳಲಿಲ್ಲ. ಬಹಳ ಮೆತ್ತಗೆ ಕೇಳಿದರು: “ಗುರುಮಲ್ಲಪ್ಪನವರೇ, ಈ ಪಂಚೆಗಳನ್ನು ಎಲ್ಲಿ ನೆನೆಹಾಕಿದ್ದು?”

“ಇನ್ನೆಲ್ಲಿ ಸ್ವಾಮಿ, ಇದೇ ಅಳ್ಳದಲ್ಲಿ! ಇಲ್ಲೇ, ಈ ಮಡುವಲ್ಲೇ!”

“ಬಣ್ಣ ಹಾಕಿದ್ದು ಎಲ್ಲಿ?”

“ಮಾಳದ ಚರಂಡಿಗೆ. ನೀವೇ ಆಕ್ಸಿದ್ದು! ನಾನೇ ಕಣ್ಣಾರೆ...”

ಅವರು ಮಾಳವನ್ನು ನೋಡಿದರು, ಹಳ್ಳವನ್ನು ನೋಡಿದರು, ಬಂಡೆಯ ಮೇಲಿನ ಪಂಚೆಗಳನ್ನು ನೋಡಿದರು. ರಾಯರ ಪೆನ್ನು ಆಗಲೇ ಕಾಗದದ ಮೇಲೆ ಓಡುತ್ತಿತ್ತು.

ಮೊದಲು ನಕ್ಕವಳು ಮುದುಕಿ. ಆಮೇಲೆ ಮಾದಯ್ಯ ಪಂಚೆಯೊಂದರ ಒಂದು ತುದಿ ಹಿಡಿದು ಬಿಡಿಸಿ, “ಮದುವಣಿಗನ ಶಲ್ಯ ಆಯ್ತಲ್ಲಣ್ಣಾ!” ಎಂದಾಗ ತಡೆ ಒಡೆದುಹೋಯಿತು. ಇನ್ನೊಂದು ತುದಿ ಹಿಡಿದದ್ದು ನಾನು. ಕೊನೆಗೆ ಗುರುಮಲ್ಲಪ್ಪನವರೇ ಬಂಡೆಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ನಂತರ ಗುಂಡಿಯನ್ನು ಸುತ್ತಿ ನೋಡಿದಾಗ ಎಲ್ಲ ತಿಳಿಯಿತು. ಗುಂಡಿ ತುಂಬುವವರೆಗೆ ನೀರು ಅಲ್ಲೇ ನಿಲ್ಲುತ್ತಿತ್ತು. ತುಂಬಿದ ಮೇಲೆ ಲಂಟಾನ ಪೊದೆಯ ಮರೆಯಿಂದ ಉಕ್ಕಿ ಹಳ್ಳಕ್ಕೆ ಇಳಿಯುತ್ತಿತ್ತು. ಹಿಂದಿನ ದಿನ ಮಳೆ ನಿಂತ ಮೇಲೂ ಮಾಳದಿಂದ ನೀರು ಇಳಿಯುತ್ತಲೇ ಇದ್ದು, ಅದು ತುಂಬಿ ಉಕ್ಕಿದ್ದು ನಾವು ಹೊರಟುಹೋದ ಮೇಲೆ. ಮೇಲಿನಿಂದ ನೋಡುವವರಿಗೆ ಇಂಗಿದಂತೆಯೇ ಕಾಣುತ್ತಿತ್ತು. ಗುರುಮಲ್ಲಪ್ಪನವರು ಸುಳ್ಳು ಹೇಳಿರಲಿಲ್ಲ, ಪೊದೆಯ ಆಚೆಗೆ ಹೋಗಿರಲಿಲ್ಲ, ಅಷ್ಟೆ.

ಆದರೆ ನನ್ನ ಪಾಲಿನ ವಿಚಾರಣೆ ಇನ್ನೂ ಬಾಕಿಯಿತ್ತು. ಕಣ್ಣೊರೆಸಿಕೊಂಡ ಗುರುಮಲ್ಲಪ್ಪನವರು ನನ್ನತ್ತ ತಿರುಗಿದರು. “ಅಲ್ಲ ಮೇಷ್ಟ್ರೇ, ಅತ್ತಿ ಬಟ್ಟೆಗೆ ಇಡಿಯಲ್ಲ ಅಂತ ಇಂಗ್ಲಿಷ್ನಲ್ಲಿ ಬರ್ದುಕೊಟ್ರಲ್ಲ, ಈ ಪಂಚೆಗೆ ಇಂಗ್ಲಿಷ್ ಬರಾಕಿಲ್ವಾ?”

ನನ್ನ ಮುಖವೂ ಆರು ಪಂಚೆಗಳ ಬಣ್ಣಕ್ಕೆ ತಿರುಗಿತು. ಪುಸ್ತಕದ ಪ್ರಕಾರ ರೇಷ್ಮೆಯ ಬಣ್ಣ ಹತ್ತಿಯಲ್ಲಿ ಉಳಿಯಬಾರದು. ನಂಜಪ್ಪಣ್ಣನವರನ್ನು ನೋಡಿದೆ. ಅವರು ನೆಲ ನೋಡುತ್ತಿದ್ದರು.

“ಮೇಷ್ಟ್ರದ್ದೇನೂ ತಪ್ಪಿಲ್ಲ ಸ್ವಾಮಿ” ಎಂದರು ಕಡೆಗೆ. “ಚಮ್ಚ ಆಕ್ದೆ. ನೋಡುದ್ರ ನೀರ್ ಮಜ್ಜಿಗೆ ಇದ್ದಂಗಿತ್ತು. ನನ್ ಕೈಲಿ ಅಂಥದ್ದು ಓಗ್ಬೇಕಾ ಕೋಲ್ಟಿಗೆ ಅನ್ನಿಸ್ತು. ಇನ್ನೊಂದಿಷ್ಟು ಆಕ್ದೆ. ಮನೇಲಿ ಅತ್ತಿ ನೂಲಿನ ರಾಣಿ ಬಣ್ಣದ ಪೊಟ್ಟಣ ಒಂದಿತ್ತು, ಅದ್ನೂ ಬುಟ್ಟೆ. ಬಣ್ಣ ಅಂದ್ಮ್ಯಾಲೆ ಇಡೀಬೇಕಲ್ಲ ಅಂತ ಉಪ್ಪೂ ಆಕಿ ಕುದಿಸ್ದೆ. ಕೈ ಕೇಳ್ನಿಲ್ಲ ಸ್ವಾಮಿ.”

“ಒಗೆದರೆ ಹೋಗುತ್ತದೋ?” ರಾಯರು ಕೇಳಿದರು.

ನಂಜಪ್ಪಣ್ಣ ಆ ಇಡೀ ಬೆಳಿಗ್ಗೆ ಮೊದಲ ಸಲ ಬೆನ್ನು ನೆಟ್ಟಗೆ ಮಾಡಿ ನಿಂತರು. “ನಮ್ ಕಟ್ಟೆ ಬಣ್ಣ ಓಗಲ್ಲ ಸ್ವಾಮಿ.”

ರಾಯರು ಆ ಉತ್ತರವನ್ನೂ ವರದಿಯಲ್ಲಿ ಬರೆದುಕೊಂಡಿದ್ದಾರೆ. ನಕಲಿನ ನಾಲ್ಕನೆಯ ಪುಟದಲ್ಲಿದೆ. ನಾನು ನನ್ನ ತಪ್ಪಾದ ಹೇಳಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಿದ್ಧನಾದಾಗ ಅವರು, “ಬೇಡ ಮೇಷ್ಟ್ರೇ, ನಿಮ್ಮದು ಚಮಚದ ಬಗ್ಗೆ ಬರೆದದ್ದು, ಚಮಚದ ಮಟ್ಟಿಗೆ ಸರಿಯಾಗಿಯೇ ಇದೆ” ಎಂದು ಸಮಾಧಾನ ಹೇಳಿದರು. ದನಕರುಗಳಿಗೆ ಏನೂ ಆಗಲಿಲ್ಲ. ಆ ವಾರವೆಲ್ಲ ದಿನಾ ಸಂಜೆ ಹೋಗಿ ವಿಚಾರಿಸಿಕೊಂಡು ಬಂದೆನೆಂದು ಡೈರಿ ಹೇಳುತ್ತದೆ.

ದಾವೆ ತೀರ್ಪಿನವರೆಗೆ ಹೋಗಲಿಲ್ಲ, ರಾಜಿಯಲ್ಲಿ ಮುಗಿಯಿತು. ಮೈದಾನವನ್ನು ಹಳ್ಳದ ಕಡೆಗೆ ಬೆಳೆಸುವಂತಿಲ್ಲ. ಜಲ್ಲಿಗುಂಡಿಯನ್ನು ಆಳ ಮಾಡಿ, ಏರಿ ಕಟ್ಟಿ, ಮಣ್ಣು ಅಲ್ಲೇ ಕೂರುವಂತೆ ಮಾಡಬೇಕು. ಬಣ್ಣದವರೂ ತಮ್ಮ ಹಂಡೆಯ ನೀರನ್ನು ನೇರವಾಗಿ ಹಳ್ಳಕ್ಕೆ ಬಿಡದೆ ಇಂಗುಗುಂಡಿ ತೋಡಬೇಕು. ಈ ಕೊನೆಯ ಷರತ್ತನ್ನು ಹಾಕಿಸಿದವರು ಗುರುಮಲ್ಲಪ್ಪನವರು, ಮತ್ತು ನನ್ನ ಅಭಿಪ್ರಾಯದಲ್ಲಿ ಅದು ನ್ಯಾಯವಾದದ್ದೇ. ನಂಜಪ್ಪಣ್ಣ ಸತ್ಯಮಂಗಲಕ್ಕೆ ಹೋಗಲಿಲ್ಲ. ಆರು ಪಂಚೆಗಳ ಬದಲಿಗೆ ಅವರು ಒಂದು ಬಿಳಿ ರೇಷ್ಮೆಯ ಮಡಿ ನೇಯಿಸಿ ಕೊಟ್ಟರು. ಅದರ ಅಂಚಿನಲ್ಲಿ ಒಂದೇ ಒಂದು ಎಳೆ ರಾಣಿ ಬಣ್ಣ. ಗುರುಮಲ್ಲಪ್ಪನವರು ಅದನ್ನುಟ್ಟು ಪೂಜೆಗೆ ಕೂರುತ್ತಿದ್ದರಂತೆ. ಏರೋಪ್ಲೇನ್ ಮಾಳದಲ್ಲಿ ಮತ್ತೆ ವಿಮಾನ ಇಳಿಯಲಿಲ್ಲ. ಹುಲ್ಲು ಬಂತು, ಹುಲ್ಲಿನ ಹಿಂದೆ ದನಗಳು ಬಂದವು. ಆಕಾಶದಲ್ಲಿ ಸದ್ದಾದರೆ ಗುರುಮಲ್ಲಪ್ಪನವರು ಮಾತ್ರ ಕೊನೆಯವರೆಗೂ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದರು.

ನಾನು ಮೇಷ್ಟ್ರ ಕೆಲಸ ಬಿಟ್ಟು ಸಂಶೋಧನೆಗೆ ಸೇರಿದೆ. ನನ್ನ ವಿಷಯ, ಓದುಗರು ನಗಬಹುದು, ಹಳೆಯ ಮಳೆ ದಾಖಲೆಗಳು. ಊರೂರಿನ ಪುಸ್ತಕಗಳಲ್ಲಿನ ಅಂಕಿಗಳನ್ನು ಕೂಡಿಸಿ ಕಳೆದು ಲೇಖನ ಬರೆಯುವುದರಲ್ಲಿಯೇ ನಿವೃತ್ತಿಯಾಯಿತು. ಈ ಅನುಭವವನ್ನು ಬರೆಯುವ ಮೊದಲು, ಅಭ್ಯಾಸಬಲದಿಂದ, ಆ ದಿನ ಎಷ್ಟು ಮಳೆ ಬಿದ್ದಿತ್ತೆಂದು ನೋಡೋಣವೆಂದು ಕೊಳ್ಳೇಗಾಲದ ಆ ಕಾಲದ ಮಳೆ ಪುಸ್ತಕದ ಪ್ರತಿಯನ್ನು ತರಿಸಿಕೊಂಡೆ. ಗುರುವಾರದ ಮಳೆ ಶುಕ್ರವಾರ ಬೆಳಿಗ್ಗೆ ಎಂಟೂವರೆಯ ಸಾಲಿನಲ್ಲಿ ಬರಬೇಕು. ಆ ಸಾಲು ಸ್ಪಷ್ಟವಾಗಿದೆ, ತಿದ್ದುಪಡಿಯಿಲ್ಲ, ಶಾಯಿ ಮಾಸಿಲ್ಲ. ಅಲ್ಲಿ ಬರೆದಿರುವುದು ಸೊನ್ನೆ.

ಮಳೆ ಮಾಳದ ಮೇಲೆ ಬಿದ್ದು ಪಟ್ಟಣದಲ್ಲಿ ಬೀಳದೆ ಇದ್ದಿರಬಹುದು. ನಮ್ಮ ಕಡೆ ಅದು ಅಪರೂಪವಲ್ಲ. ಮೊದಲು ಹಾಗೆಯೇ ಟಿಪ್ಪಣಿ ಬರೆದೆ. ಆಮೇಲೆ ಸೊನ್ನೆಯ ಪಕ್ಕದ ಸಹಿಯನ್ನು ನೋಡಿದೆ. ಮಾದಯ್ಯ. ಡೈರಿಯ ಪ್ರಕಾರ ಶುಕ್ರವಾರ ಎಂಟೂ ಇಪ್ಪತ್ತರಿಂದ ಒಂಬತ್ತೂ ಹತ್ತರವರೆಗೆ ಮಾದಯ್ಯನವರು ಹಳ್ಳದ ದಂಡೆಯಲ್ಲಿ, ಗುಲಾಬಿ ಪಂಚೆಯ ಒಂದು ತುದಿ ಹಿಡಿದು ನಿಂತಿದ್ದರು. ಇನ್ನೊಂದು ತುದಿ ನನ್ನ ಕೈಯಲ್ಲಿತ್ತು.